ಫೈಲು ಯಾರ ಟೇಬಲ್ ಮ್ಯಾಲದ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ನೌಕರಿ ಹೆಚ್ಚೂಕಡಿಮೆ ಕಲಬುರಗಿ ಜಿಲ್ಲೆಯಲ್ಲೇ. ಬೀದರ ಕಡೆ ಸ್ವಲ್ಪ, ಯಾದಗಿರಿ ಇನ್ನೂ ತಾಲ್ಲೂಕಾಗಿದ್ದಾಗ ಅಲ್ಲೊಂದಿಷ್ಟು ದಿನ. ನಿವೃತ್ತಿಯಾದ ಮೇಲೆ ಫೈಲು ಬಿಟ್ಟವು, ಪ್ರಶ್ನೆ ಬಿಡಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದರೆ ಒಬ್ಬರು, ಚಹಾದಂಗಡಿಯಲ್ಲಿ ಇಬ್ಬರು, ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಮತ್ತೊಬ್ಬರು: "ಸಾಹೇಬ್ರ, ಒಂದ್ ಮಾತ್ ಕೇಳೂದಿತ್ರಿ." ಎಲ್ಲರೂ ಕೇಳುವುದು ಹೆಚ್ಚಾಗಿ ಇವನ್ನೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

ಕಚೇರಿ ಎಷ್ಟಕ್ಕ ತೆಗೀತದ್ರಿ?

ಬೆಳಿಗ್ಗೆ 10ರಿಂದ ಸಂಜೆ 5:30. ಎರಡನೆಯ, ನಾಲ್ಕನೆಯ ಶನಿವಾರ ರಜೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಲೆಕ್ಕವೇ ಬೇರೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಬಿಸಿಲಿಗೆಂದು ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತದೆ. ಇದು ಗೊತ್ತಿಲ್ಲದೆ ಊಟ ಮುಗಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಟವೆಲ್ ತಲೆಗೆ ಹಾಕಿಕೊಂಡು ನಿಂತವರನ್ನು ಪ್ರತಿ ಬೇಸಿಗೆ ನೋಡಿದ್ದೇನೆ. ಅಳಿಯ ಬೆಂಗಳೂರಿನಲ್ಲಿದ್ದರೆ ಅವನ ಮಾತು ಕೇಳಿ ಹೊರಡಬೇಡಿ. ಅಲ್ಲಿ ಇಡೀ ವರ್ಷ ಒಂದೇ ಹೊತ್ತು.

ತಲಾಟಿ ಊರಾಗ ಸಿಗೂದೇ ಇಲ್ಲ. ಎಲ್ಲಿ ಹುಡುಕಬೇಕ್ರಿ?

ನೀವು ತಲಾಟಿ ಎನ್ನುತ್ತೀರಿ, ನಿಮ್ಮ ಅಜ್ಜ ಪಟವಾರಿ ಎನ್ನುತ್ತಿದ್ದರು. ಸರ್ಕಾರ ಗ್ರಾಮ ಲೆಕ್ಕಿಗ, ಗ್ರಾಮ ಲೆಕ್ಕಾಧಿಕಾರಿ ಎಂದೆಲ್ಲ ಕರೆದು, 2022ರಿಂದ ಗ್ರಾಮ ಆಡಳಿತಾಧಿಕಾರಿ ಎನ್ನುತ್ತಿದೆ. ಹೆಸರು ಬೆಳೆಯುತ್ತಾ ಹೋಯಿತು, ಕುರ್ಚಿ ಮಾತ್ರ ಬರಲಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಅವರಿಗೆ ಕೂಡಲು ಸ್ವಂತ ಕೋಣೆಯಿಲ್ಲ. ಪಂಚಾಯಿತಿಯ ಒಂದು ಮೂಲೆ, ಇಲ್ಲವೇ ಹೋಬಳಿಯ ನಾಡಕಚೇರಿ, ಅದೂ ಇಲ್ಲದಿದ್ದರೆ ಬೈಕಿನ ಮೇಲೇ ಕಚೇರಿ.

ಒಬ್ಬರ ಕೈಯಲ್ಲಿ ಒಂದೇ ಊರಿರುವುದಿಲ್ಲ. ಒಂದು ವೃತ್ತವೆಂದರೆ ಹಲವು ಹಳ್ಳಿ, ಪಕ್ಕದ ವೃತ್ತ ಖಾಲಿಯಿದ್ದರೆ ಅದರ ಹೆಚ್ಚುವರಿ ಪ್ರಭಾರವೂ ಅವರಿಗೇ. ಬೆಳೆ ಸಮೀಕ್ಷೆ, ಮಳೆಗೆ ಬಿದ್ದ ಗೋಡೆಯ ಪಂಚನಾಮೆ, ಭೀಮಾ ಹೊಳೆಗೆ ನೀರು ಬಂದರೆ ದಂಡೆಯ ಕಾವಲು, ಚುನಾವಣೆ, ಪಿಂಚಣಿದಾರ ಬದುಕಿದ್ದಾನೆಯೇ ಎಂಬ ಪರಿಶೀಲನೆ, ಪಹಣಿಗೆ ಆಧಾರ್ ಜೋಡಣೆ. ಒಂದೊಂದಕ್ಕೂ ಒಂದೊಂದು ಆ್ಯಪ್. 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಇವರು ಮುಷ್ಕರಕ್ಕೆ ಕೂತಾಗ ಮುಖ್ಯ ದೂರೇ ಅದಾಗಿತ್ತು: ಹತ್ತಾರು ಆ್ಯಪ್ ಕೊಟ್ಟಿದ್ದೀರಿ, ಕೂಡಲು ಜಾಗ ಕೊಟ್ಟಿಲ್ಲ. ಇಷ್ಟೆಂದ ಮಾತ್ರಕ್ಕೆ ಎಲ್ಲ ತಲಾಟಿಗಳೂ ಬೆವರು ಸುರಿಸುತ್ತಿದ್ದಾರೆ ಎನ್ನುತ್ತಿಲ್ಲ. ಫೋನ್ ನೋಡಿ ಕಟ್ ಮಾಡುವವರೂ ಇದ್ದಾರೆ, ನಾನೇ ಬೈದಿದ್ದೇನೆ.

ಹುಡುಕುವ ದಾರಿ ಕೇಳಿದಿರಲ್ಲ: ವಾಲೀಕಾರನನ್ನು ಕೇಳಿ. ಕಾಗದದಲ್ಲಿ ಅವನು ಗ್ರಾಮ ಸಹಾಯಕ. ಸಂಬಳ ಎಲ್ಲರಿಗಿಂತ ಕಡಿಮೆ, ತಿಳಿವಳಿಕೆ ಎಲ್ಲರಿಗಿಂತ ಹೆಚ್ಚು. ತಲಾಟಿ ಇವತ್ತು ಯಾವ ಊರಲ್ಲಿದ್ದಾರೆ, ನಿಮ್ಮ ಹೊಲದ ಬಾಂದುಕಲ್ಲು ಎಲ್ಲಿ ಹೂತಿದೆ, ನಿಮ್ಮ ದಾಯಾದಿ ಮೊನ್ನೆ ಯಾಕೆ ನಾಡಕಚೇರಿಗೆ ಬಂದಿದ್ದ, ಎಲ್ಲವೂ ಅವನಿಗೆ ಗೊತ್ತು.

ತಲಾಟಿ, ಪಿಡಿಒ ಇಬ್ಬರೂ ಒಂದೇ ಏನ್ರಿ?

ಅಲ್ಲ. ಹೊಲ ತಲಾಟಿಯದು, ಊರೊಳಗಿನ ಮನೆ ಪಿಡಿಒದು, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದು. ಪಹಣಿ, ವಾರಸಾ, ಜಾತಿ-ಆದಾಯದ ವರದಿ ಕಂದಾಯ ಇಲಾಖೆ. ಮನೆ ತೆರಿಗೆ, ನಳ, ಬೀದಿ ದೀಪ, ಇ-ಸ್ವತ್ತಿನ ನಮೂನೆ 9 ಮತ್ತು 11 ಗ್ರಾಮ ಪಂಚಾಯಿತಿ. ತಹಸೀಲ್ದಾರರ ಮುಂದೆ ನಳದ ದೂರು ಹೇಳಿದರೆ ಅವರು ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ. ಅಷ್ಟೇ.

ಗೃಹಲಕ್ಷ್ಮಿ ರೊಕ್ಕ ಬಂದಿಲ್ಲ, ತಹಸೀಲ್ ಕಚೇರಿಗಿ ಬರಬೇಕೇನ್ರಿ?

ಬೇಡ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಗೆ ಹೋಗಿ, ಅದಕ್ಕೂ ಮೊದಲು ಅಂಗನವಾಡಿ ಟೀಚರನ್ನು ಕೇಳಿ. ಕರೆಂಟ್ ಬಿಲ್ಲಿನ ಗೃಹಜ್ಯೋತಿ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನದು, ದೂರಿಗೆ 1912. ಆ ಯೋಜನೆಗೆ ಚಾಲನೆ ಸಿಕ್ಕಿದ್ದೇ ನಮ್ಮ ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. ರೇಷನ್ ಕಾರ್ಡಿನದು ಮಾತ್ರ ತಹಸೀಲ್ ಕಚೇರಿಯ ಆಹಾರ ಶಾಖೆಯಲ್ಲೇ.

ಅರ್ಜಿ ಕೊಟ್ಟು ಬಂದೀನ್ರಿ. ಇನ್ನ ಏನ್ ಮಾಡ್ಲಿ?

ಕೊಟ್ಟಾಗ ಏನು ತೆಗೆದುಕೊಂಡು ಬಂದಿರಿ, ಅದನ್ನು ಮೊದಲು ಹೇಳಿ. ಬರಿಗೈಯಲ್ಲಿ ಬಂದಿದ್ದರೆ ನೀವು ಅರ್ಜಿ ಕೊಟ್ಟಿಲ್ಲ, ಕಾಗದ ಕೊಟ್ಟಿದ್ದೀರಿ.

ನಾಡಕಚೇರಿಯಲ್ಲಿ ಕೊಟ್ಟರೆ ಆರ್‌ಡಿ ಎಂದು ಶುರುವಾಗುವ ನಂಬರಿನ ಸ್ವೀಕೃತಿ ಕೊಡುತ್ತಾರೆ. ನಿಗದಿತ ದಿನದೊಳಗೆ ಸೇವೆ ಕೊಡಲೇಬೇಕೆಂಬ ಸಕಾಲ ಯೋಜನೆಯಡಿ ಬರುವ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ನಂಬರು. ಕೈಬರಹದ ಅರ್ಜಿಯಾದರೆ ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. "ಇಟ್ಟು ಹೋಗ್ರಿ, ನೋಡ್ತೀವಿ" ಎಂದರೆ ನಗುನಗುತ್ತಲೇ "ಸೀಲ್ ಒಂದು ಒತ್ರಿ ಸರ, ಮನಿಯಾಗ ಹೆಣ್ತಿ ನಂಬಂಗಿಲ್ಲ" ಎನ್ನಿ. ಜಗಳ ಬೇಡ. ಸೀಲು ಬೇಕು.

ಅರ್ಜಿ ಒಳಗ ಹೋದ ಮ್ಯಾಲ ಏನ್ ಆಗ್ತದ್ರಿ? ತಿಂಗಳಾದ್ರೂ ಹೊರಗ ಬರಲ್ಲ.

ಈ ಪ್ರಶ್ನೆಗೆ ಉದ್ದ ಉತ್ತರ ಬೇಕು. ಎಲ್ಲ ತಾಪತ್ರಯದ ಬೇರು ಇಲ್ಲೇ ಇದೆ.

ಟಪಾಲಿನಲ್ಲಿ ನಿಮ್ಮ ಅರ್ಜಿಗೆ ನಂಬರು ಬೀಳುತ್ತದೆ. ತಹಸೀಲ್ದಾರರೋ ಶಿರಸ್ತೇದಾರರೋ ಅದರ ಮೂಲೆಯಲ್ಲಿ ಶಾಖೆಯ ಹೆಸರು ಗೀಚುತ್ತಾರೆ. ಅಲ್ಲಿಂದ ಅದು ವಿಷಯ ನಿರ್ವಾಹಕರ, ಅಂದರೆ ನೀವು ಕೇಸ್ ವರ್ಕರ್ ಎನ್ನುವವರ ಟೇಬಲಿಗೆ ಬರುತ್ತದೆ. ಎಫ್‌ಡಿಎ ಅಥವಾ ಎಸ್‌ಡಿಎ, ಅಂದರೆ ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರು ಆಗಿರುತ್ತಾರೆ. ಅವರು ಕಡತ ಕಟ್ಟಿ, ಸ್ಥಳ ವರದಿ ಬೇಕೆಂದು ಕೆಳಗೆ ಕಳಿಸುತ್ತಾರೆ. ಕಂದಾಯ ನಿರೀಕ್ಷಕರು, ಹಳಬರ ಬಾಯಲ್ಲಿ ಗಿರದಾವರ, ಅದನ್ನು ತಲಾಟಿಗೆ ದಾಟಿಸುತ್ತಾರೆ. ತಲಾಟಿ ಊರಿಗೆ ಬಂದು ಪಂಚರ ಸಹಿ ಹಿಡಿದು ವರದಿ ಬರೆದು ಮೇಲೆ ಕಳಿಸಬೇಕು. ಅದು ಗಿರದಾವರರ ಸಹಿಯಾಗಿ, ಕೇಸ್ ವರ್ಕರ್‌ಗೆ ಬಂದು, ಟಿಪ್ಪಣಿಯಾಗಿ, ಶಿರಸ್ತೇದಾರರ ಕಣ್ಣಿಗೆ ಬಿದ್ದು, ಕೊನೆಗೆ ತಹಸೀಲ್ದಾರರ ಸಹಿಗೆ. ಇಳಿಯುವಾಗ ಮೂರು ಮೆಟ್ಟಿಲು, ಏರುವಾಗ ನಾಲ್ಕು.

ಅಷ್ಟೂ ಟೇಬಲುಗಳಲ್ಲಿ ಫೈಲು ನಿಲ್ಲುವುದು ಒಂದೇ ಕಡೆ. ಉಳಿದ ಕಡೆ ಒಂದು ದಿನ, ಎರಡು ದಿನದ ಮಾತು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ಅದು ನಿಂತಿರುವುದು ಸ್ಥಳ ವರದಿಯಲ್ಲಿ. ತಹಸೀಲ್ದಾರರ ಟೇಬಲಿಗೆ ಬಂದೇ ಇರುವುದಿಲ್ಲ. ಆದರೆ ನೀವು ಬಂದು ನಿಲ್ಲುವುದು ಅವರ ಬಾಗಿಲ ಮುಂದೆ. ಅವರು ಜಿಲ್ಲಾಧಿಕಾರಿಗಳ ಜೊತೆ ವಿಡಿಯೊ ಸಭೆಯಲ್ಲಿರುತ್ತಾರೆ. ಚಪರಾಸಿ "ನಾಳಿ ಬರ್ರಿ" ಎನ್ನುತ್ತಾನೆ. ನೀವು ನಾಳೆ ಬರುತ್ತೀರಿ. ಫೈಲು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಅದಕ್ಕೆ "ಯಾವಾಗ ಆಗ್ತದ್ರಿ" ಎಂದು ಕೇಳಬೇಡಿ. ಆ ಪ್ರಶ್ನೆಗೆ ಕಚೇರಿಯಲ್ಲಿ ಇರುವುದು ಒಂದೇ ಉತ್ತರ: ಆಗ್ತದ. "ಈಗ ಯಾರ ಟೇಬಲ್ ಮ್ಯಾಲದ, ಯಾವ ತಾರೀಖಿಗಿ ಅಲ್ಲಿಗಿ ಹೋಗ್ಯಾದ" ಎಂದು ಕೇಳಿ. ಇದಕ್ಕೆ ಉತ್ತರ ಕೊಡಲು ಅವರು ರಿಜಿಸ್ಟರ್ ತೆಗೆಯಲೇಬೇಕು, ಅಥವಾ ಕಂಪ್ಯೂಟರ್ ನೋಡಲೇಬೇಕು. ತೆಗೆದರೆ ಅರ್ಧ ಕೆಲಸ ಆದಂತೆ.

"ಸರ್ವರ್ ಇಲ್ಲ" ಅಂತಾರ. ಖರೇನಾ ಸುಳ್ಳಾ?

ಎರಡೂ. ಖರೇ ಇರುವ ದಿನಗಳೇ ಹೆಚ್ಚು. ಜೂನ್‌ನಲ್ಲಿ ಶಾಲೆ-ಕಾಲೇಜು ಶುರುವಾಗುವಾಗ ಇಡೀ ರಾಜ್ಯವೇ ಒಮ್ಮೆಗೆ ಜಾತಿ-ಆದಾಯಕ್ಕೆ ಮುಗಿಬೀಳುತ್ತದೆ, ಆಗ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಗಣಕಯಂತ್ರದ ಮುಂದೆ ಕೂತ ಆ ಹುಡುಗ ಅಥವಾ ಹುಡುಗಿ ಬಹಳ ಸಲ ಹೊರಗುತ್ತಿಗೆಯವರು, ಇಲಾಖೆಯ ಕಾಯಂ ನೌಕರರಲ್ಲ. ಸಂಬಳ ತಡವಾದರೂ ಬೈಗುಳ ಮಾತ್ರ ದಿನಾ ತಪ್ಪದೆ ಬರುತ್ತದೆ. ಅವರ ಮೇಲೆ ಕೂಗಾಡಿದರೆ ಸರ್ವರ್ ಬರುವುದಿಲ್ಲ. ಟೋಕನ್ ತೆಗೆದುಕೊಂಡು, ಹೊರಗೆ ಒಂದು ಚಹಾ ಕುಡಿದು ಬನ್ನಿ. ಪಕ್ಕದ ಗ್ರಾಮ ಒನ್‌ನಲ್ಲಿ ಅದೇ ಹೊತ್ತಿಗೆ ಕೆಲಸ ನಡೆದಿದ್ದರೆ, ಆಗ ಸುಳ್ಳು.

ಜಾತಿ-ಆದಾಯ ಪ್ರಮಾಣಪತ್ರ ಎಷ್ಟ್ ವರ್ಷ ನಡೀತದ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಜಾತಿ ಪತ್ರಕ್ಕೆ ಅವಧಿಯಿಲ್ಲ, ಒಮ್ಮೆ ತೆಗೆದರೆ ಆಯಿತು. ಆದಾಯ ಪತ್ರಕ್ಕೆ ಐದು ವರ್ಷ. ಮಗ ಪಿಯುಸಿ ಮುಗಿಸುವ ಹೊತ್ತಿಗೆ ಅದರ ತಾರೀಖು ಮುಗಿಯುವಂತಿದ್ದರೆ ಫೆಬ್ರುವರಿಯಲ್ಲೇ ಹೊಸದಕ್ಕೆ ಹಾಕಿ. ಜೂನ್ ತನಕ ಕಾಯಬೇಡಿ. ಇದನ್ನು ಮೂವತ್ತು ವರ್ಷ ಹೇಳಿದೆ, ಮೂವತ್ತು ವರ್ಷವೂ ಜನ ಜೂನ್‌ನಲ್ಲೇ ಬಂದರು. ನನ್ನ ಮಗಳೂ.

371ಜೆ ಸರ್ಟಿಫಿಕೇಟ್ ಅಂದ್ರೇನ್ರಿ? ತಹಸೀಲ್ದಾರರ ಕೊಡಲ್ಲ ಅಂತಾರಲ್ಲ?

ತಹಸೀಲ್ದಾರರು ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಅದಕ್ಕೆ ಸಹಿ ಉಪವಿಭಾಗಾಧಿಕಾರಿಯದು, ಅಂದರೆ ಎಸಿ ಸಾಹೇಬರದು. ಕಲಬುರಗಿ ಜಿಲ್ಲೆಯಲ್ಲಿ ಎರಡು ಉಪವಿಭಾಗ, ಕಲಬುರಗಿ ಮತ್ತು ಸೇಡಂ. ಬೀದರ ಜಿಲ್ಲೆಯಲ್ಲೂ ಎರಡು, ಬೀದರ ಮತ್ತು ಬಸವಕಲ್ಯಾಣ. ಯಾದಗಿರಿಗೆ ಒಂದೇ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಬಸ್ಸು ಹತ್ತಿ.

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು ಈ 371ಜೆ. ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಭಾಗಕ್ಕೆ 2019ರ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಈ ಭಾಗದ ಕಚೇರಿಗಳ ಹುದ್ದೆಗಳಲ್ಲಿ 'ಸಿ' ದರ್ಜೆಗೆ ಶೇ 80, 'ಡಿ' ದರ್ಜೆಗೆ ಶೇ 85 ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲಿ ಶೇ 8. ಇಲ್ಲಿಯ ವೃತ್ತಿಶಿಕ್ಷಣ ಕಾಲೇಜು ಸೀಟುಗಳಲ್ಲಿ ಶೇ 70. ಮೆಡಿಕಲ್, ಎಂಜಿನಿಯರಿಂಗ್ ಕನಸಿನ ಮನೆಗಳಲ್ಲಿ ಈ ಒಂದು ಹಾಳೆಗೆ ಬಂಗಾರದ ಬೆಲೆ.

ಈ ಭಾಗದಲ್ಲಿ ಹುಟ್ಟಿದವರು, ಅಥವಾ 2013ಕ್ಕೆ ಮುಂಚೆ ಕನಿಷ್ಠ ಹತ್ತು ವರ್ಷ ಇಲ್ಲಿ ವಾಸವಿದ್ದವರು, ಅವರ ಮಕ್ಕಳು ಕೇಳಬಹುದು. ದಾಖಲೆ ಮುಖ್ಯ. ಜನ ಎಡವುವುದು ಇಲ್ಲೇ. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಹುಟ್ಟಿರುತ್ತಾನೆ, ಅಪ್ಪ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ. ಹಾಗಿದ್ದರೆ ಮಗನ ಕಾಗದ ಹಿಡಿದು ಗುದ್ದಾಡಬೇಡಿ, ಅಪ್ಪನ ಅಥವಾ ಅವ್ವನ ಕಾಗದ ತೆಗೆಯಿರಿ: ಅವರು ಓದಿದ ಶಾಲೆಯ ದಾಖಲಾತಿ, ಹಳೇ ಪಹಣಿ, ಹಳೇ ಮತದಾರರ ಪಟ್ಟಿ. ಆಳಂದದ ಒಂದು ಹಳ್ಳಿಯ ಹುಡುಗನಿಗೆ ಕೊನೆಗೂ ಕೆಲಸ ಮಾಡಿಕೊಟ್ಟದ್ದು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅವನ ಅವ್ವನ ದಾಖಲಾತಿ ಪುಸ್ತಕದ ಒಂದು ಸಾಲು.

ಅಪ್ಪ ತೀರಿಕೊಂಡು ಹತ್ತು ವರ್ಷ ಆಗ್ಯಾದ. ಪಹಣಿ ಇನ್ನೂ ಅವರ ಹೆಸರಲೇ ಅದ. ಏನಾರ ತೊಂದ್ರಿ ಅದೇನ್ರಿ?

ಇವತ್ತು ಇಲ್ಲ. ಬ್ಯಾಂಕಿಗೆ ಬೆಳೆಸಾಲಕ್ಕೆ ಹೋದ ದಿನ ಇದೆ. ತೊಗರಿಗೆ ನೆಟೆ ರೋಗ ಬಿದ್ದು ಪರಿಹಾರ ಬಂದ ದಿನ ಇದೆ. ಸತ್ತವರ ಖಾತೆಗೆ ಪರಿಹಾರ ಜಮಾ ಆಗುವುದಿಲ್ಲ.

ನೀವು ವಾರಸಾ ಎನ್ನುವುದನ್ನೇ ಕಚೇರಿಯಲ್ಲಿ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಂಬರು ಬಿದ್ದು, ನೋಟಿಸ್ ಹಚ್ಚಿ, ಯಾರೂ ತಕರಾರು ಮಾಡದಿದ್ದರೆ ಹೆಸರು ಕೂಡುತ್ತದೆ. ಪಹಣಿಯ ಕಾಲಂ 9ರಲ್ಲಿ ಹೆಸರು, 10ರಲ್ಲಿ ಅದು ಹೇಗೆ ಬಂತೆಂಬ ನಂಬರು, 11ರಲ್ಲಿ ಸಾಲದ ಬೋಜಾ. ಹೊಸ ಪಹಣಿ ಕೈಗೆ ಬಂದಾಗ ಮೂರನ್ನೂ ಓದಿ. ಅಪ್ಪ ತೀರಿಸಿದ ಸಾಲ ಹನ್ನೊಂದರಲ್ಲಿ ಇನ್ನೂ ಕೂತಿರುತ್ತದೆ. ಬ್ಯಾಂಕಿನವರು ಸಾಲ ತೀರಿದ ಪತ್ರ ಕೊಟ್ಟಿರುತ್ತಾರೆ, ಅದನ್ನು ತಂದು ಬೋಜಾ ಇಳಿಸಬೇಕೆಂದು ಮಾತ್ರ ಯಾರೂ ಹೇಳಿರುವುದಿಲ್ಲ.

ವಂಶಾವಳಿಯಲ್ಲಿ ಅಕ್ಕ-ತಂಗಿಯರ ಹೆಸರು ಬಿಡುವುದು ನಮ್ಮ ಕಡೆಯ ಹಳೇ ಚಾಳಿ. "ಅವರಿಗಿ ಲಗ್ನ ಮಾಡಿ ಕೊಟ್ಟೀವ್ರಿ" ಎನ್ನುತ್ತಾರೆ, ಲಗ್ನ ಮಾಡಿದರೆ ಹುಟ್ಟಿದ್ದೇ ರದ್ದಾದಂತೆ. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹೆಸರು ಬಿಟ್ಟು ಮಾಡಿಸಿದ ಖಾತೆ ಮುಂದೆ ಎಸಿ ಕೋರ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ತಹಸೀಲ್ ಹಂತದ ಮ್ಯುಟೇಶನ್ ಆದೇಶದ ಮೇಲೆ ಅಪೀಲು ಹೋಗುವುದು ಅಲ್ಲಿಗೇ, ಭೂಕಂದಾಯ ಕಾಯ್ದೆಯ ಕಲಂ 136ರಡಿ. ತಂಗಿ ತಾನಾಗಿಯೇ ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ರಾಖಿ ಹಬ್ಬಕ್ಕೆ ಬಂದಾಗ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ಬೇಡ.

ಅಪ್ಪನ ಹೆಸರು ಪಹಣಿಯಾಗ ಒಂದ್, ಆಧಾರ್‌ನಾಗ ಒಂದ್ ಅದ.

ಇದು ನನಗೂ ಆಯಿತು. ನಮ್ಮ ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಪಹಣಿಯಲ್ಲಿ ಬಿಟ್ಟುಹೋಗಿತ್ತು. ಬೇರೆ ತಾಲ್ಲೂಕಿನ ಕಚೇರಿ, ಹೆಸರು ಬೇಡ. ನಾನು ಅದೇ ಇಲಾಖೆಯ ನೌಕರ ಎಂಬ ಹಮ್ಮಿನಲ್ಲಿ ಸ್ವೀಕೃತಿ ತೆಗೆದುಕೊಳ್ಳದೆ, ಪರಿಚಯದ ಗುಮಾಸ್ತರ ಕೈಗೆ ಅರ್ಜಿ ಕೊಟ್ಟು ಬಂದೆ. ಅವರಿಗೆ ವರ್ಗವಾಯಿತು. ಅರ್ಜಿ ಎಲ್ಲಿ ಹೋಯಿತೋ. ಐದು ತಿಂಗಳು ಓಡಾಡಿ ಕೊನೆಗೆ ಎಲ್ಲರಂತೆ ಟಪಾಲಿನಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಸೀಲಿನ ಬಗ್ಗೆ ಮೇಲೆ ಅಷ್ಟು ಹೇಳಿದ್ದು ಅದಕ್ಕೇ.

ತಿದ್ದುಪಡಿ ಅರ್ಜಿಗೆ ಇಬ್ಬರೂ ಒಬ್ಬನೇ ವ್ಯಕ್ತಿ ಎಂಬ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮತ್ತು ಎರಡೂ ಹೆಸರಿನ ದಾಖಲೆ ಬೇಕು. ಸಣ್ಣ ತಪ್ಪಾದರೆ ಅಫಿಡವಿಟ್ಟಿನಲ್ಲಿ ಮುಗಿಯುತ್ತದೆ. ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ಬರೀ ಅಪ್ಪನ ಹೆಸರು ಇದ್ದರೆ ಹಳೇ ಮ್ಯುಟೇಶನ್ ತೆಗೆಸಬೇಕು.

ಹಳೇ ಕಾಗದ ಉರ್ದುದಾಗ ಅದಾವ್ರಿ. ಓದಾವ್ರೇ ಸಿಗಲ್ಲ.

ನಮ್ಮ ಭಾಗದ ಕಚೇರಿ ಕೆಲಸ ರಾಜ್ಯದ ಉಳಿದ ಕಡೆಗಿಂತ ಬೇರೆಯಾಗುವುದು ಇಲ್ಲಿ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನ, 1956ರ ನವೆಂಬರ್ 1ರಂದು ಮೈಸೂರು ರಾಜ್ಯ. ಜಿಲ್ಲೆ, ತಾಲ್ಲೂಕು ಎಂದು ಕಂದಾಯ ಆಡಳಿತವನ್ನು ಕಟ್ಟಿದ್ದು ಸಾಲಾರ್ ಜಂಗ್ ದಿವಾನರಾಗಿದ್ದಾಗ, 1865ರ ಸುಮಾರಿಗೆ. ಮೇಲಿನ ಕಚೇರಿಯ ಭಾಷೆ ಉರ್ದು. ಬೀದರ, ಆಳಂದ ಕಡೆ ಮರಾಠಿ ನಡೆಯುತ್ತಿದ್ದ ಊರುಗಳಲ್ಲಿ ಕುಲಕರ್ಣಿ ಬರೆಯುತ್ತಿದ್ದದ್ದು ಮೋಡಿ ಲಿಪಿ. ಹೀಗಾಗಿ ರೆಕಾರ್ಡ್ ರೂಮಿನಲ್ಲಿ ಒಂದೇ ಹೊಲದ ಕತೆ ಮೂರು ಲಿಪಿಯಲ್ಲಿ ಮಲಗಿರುತ್ತದೆ.

ಜನ ಹೆಚ್ಚು ಕೇಳುವ ಕಾಗದ ಎರಡು. ಒಂದು ಸೇತ್ವಾರ್, ಸರ್ವೆ ನಂಬರು ಮೊದಲು ಯಾರ ಹೆಸರಿನಲ್ಲಿತ್ತೆಂದು ಹೇಳುವಂಥದ್ದು. ಇನ್ನೊಂದು 1954-55ರ ಖಾಸ್ರಾ ಪಹಣಿ. ಕೋರ್ಟಿನಲ್ಲಿ ಜಮೀನಿನ ತಕರಾರು ನಡೆದರೆ ವಕೀಲರು ಮೊದಲು ಕೇಳುವುದು ಇದನ್ನೇ. ಹಳೇ ಕಾಗದದ ಇಸವಿ ನೋಡಿ ಗಾಬರಿಯಾಗಬೇಡಿ. 1357 ಎಂದಿದ್ದರೆ ಅದು ಬಹಮನಿ ಸುಲ್ತಾನರ ಕಾಲದ್ದಲ್ಲ, ಕಂದಾಯ ಲೆಕ್ಕದ ಫಸಲಿ ವರ್ಷ. 590 ಕೂಡಿಸಿ, 1947 ಬಂತು. ಆ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದರಿಂದ 1947-48 ಎಂದು ಓದಿಕೊಳ್ಳಬೇಕು. ಕಲಬುರಗಿಗೆ ನಿವೇಶನ ತಗೊಳ್ಳಲು ಬಂದಿದ್ದ ಒಬ್ಬ ಎಂಜಿನಿಯರು "ಆರುನೂರು ವರ್ಷದ ದಾಖಲೆ ಇದೆ" ಎಂದು ಹಿಗ್ಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಪ್ರತಿ ಬೇಕಾದರೆ ತಹಸೀಲ್ ಕಚೇರಿಯ ಅಭಿಲೇಖಾಲಯಕ್ಕೆ, ಅಂದರೆ ರೆಕಾರ್ಡ್ ರೂಮಿಗೆ, ನಕಲಿನ ಅರ್ಜಿ ಕೊಡಿ. ಸರ್ವೆ ನಂಬರು, ಊರು, ಬೇಕಾದ ವರ್ಷ ಸ್ಪಷ್ಟವಾಗಿರಲಿ. "ನಮ್ಮ ಮುತ್ಯಾನ ಎಲ್ಲಾ ಕಾಗದ" ಎಂದು ಬರೆದರೆ ಹಿಂಬರಹ ಬರುತ್ತದೆ, ಕಾಗದ ಬರುವುದಿಲ್ಲ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯದು, ಗೆದ್ದಲು ತಿನ್ನುವ ಮೊದಲು ಮುಗಿಯಲಿ. ಆದರೆ ಸ್ಕ್ಯಾನ್ ಮಾಡಿದರೂ ಉರ್ದು ಉರ್ದುವೇ. ಶಿಕಸ್ತಾ ಎಂಬ ಅವಸರದ ಉರ್ದು ಕೈಬರಹ ಓದುವ ಮುನ್ಶಿಗಳು ಬೆರಳೆಣಿಕೆಗೆ ಇಳಿದಿದ್ದಾರೆ. ನಾನು ಸೇರಿದ ಹೊಸತರಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಉಸಿರಿಗೆ ದಖ್ಖನಿಯಲ್ಲಿ ಓದಿ ಕನ್ನಡದಲ್ಲಿ ಬರೆಸುತ್ತಿದ್ದ ಹಿರಿಯರೊಬ್ಬರು ನಮ್ಮ ಕಚೇರಿಯಲ್ಲಿದ್ದರು. ಅವರ ಹತ್ತಿರ ಕಲಿಯಲು ಇಲಾಖೆ ಯಾರನ್ನೂ ಕೂಡಿಸಲಿಲ್ಲ. ನಾನೂ ಕೂಡಲಿಲ್ಲ.

ನಮ್ಮದು ವಾಲೀಕಾರ ಮನೆತನ. ಈ ಹೆಸರಿಗೂ ಕಚೇರಿಗೂ ಏನಾರ ಸಂಬಂಧ ಅದೇನ್ರಿ?

ಇದೆ. ಕುಲಕರ್ಣಿ, ಮಾಲಿಪಾಟೀಲ, ಪೊಲೀಸ್ ಪಾಟೀಲ, ತಳವಾರ, ವಾಲೀಕಾರ ಎಲ್ಲವೂ ಒಂದು ಕಾಲಕ್ಕೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಯಾಗಿ ಹುದ್ದೆಗಳನ್ನು ತೆಗೆಯಿತು. ಹೆಸರು ಉಳಿದವು.

ಅವ್ವನ ಪಗಾರ ಬಂದ್ ಆಗ್ಯಾದ್ರಿ.

ಪಗಾರ ಎಂದರೆ ಪಿಂಚಣಿ. ಸಂಧ್ಯಾ ಸುರಕ್ಷಾ ಆದರೆ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ನಿಂತದ್ದಕ್ಕೆ ಕಾರಣ ಬಹುತೇಕ ಮೂರರಲ್ಲಿ ಒಂದು: ಆಧಾರ್ ಜೋಡಣೆ ಬೇರೆ ಬ್ಯಾಂಕ್ ಖಾತೆಗೆ ಹಾರಿದೆ, ಖಾತೆ ಬಳಸದೆ ನಿಷ್ಕ್ರಿಯವಾಗಿದೆ, ಅಥವಾ ಪರಿಶೀಲನೆಗೆ ತಲಾಟಿ ಬಂದ ದಿನ ಅವ್ವ ಮಗಳ ಮನೆಗೆ ಹೋಗಿದ್ದರಿಂದ "ಊರಲ್ಲಿಲ್ಲ" ಎಂದು ಬಿದ್ದಿದೆ. ಮೊದಲೆರಡಕ್ಕೆ ಬ್ಯಾಂಕು ಅಥವಾ ಅಂಚೆ ಕಚೇರಿ, ಮೂರನೆಯದಕ್ಕೆ ನಾಡಕಚೇರಿ. ಸ್ವಸಹಾಯ ಸಂಘದ ಸಾಲಕ್ಕೆಂದು ಹೊಸ ಖಾತೆ ತೆಗೆಸಿದ್ದರೆ ಮೊದಲು ಅಲ್ಲಿ ನೋಡಿ. ರೊಕ್ಕ ಅಲ್ಲಿಗೆ ಜಮಾ ಆಗುತ್ತಾ ಇರುತ್ತದೆ, ಅವ್ವ ಹಳೇ ಪಾಸ್‌ಬುಕ್ ಹಿಡಿದು ಅಳುತ್ತಾ ಇರುತ್ತಾಳೆ.

ಅವ್ವನನ್ನು ಬಿಸಿಲಲ್ಲಿ ಕರೆತರಬೇಡಿ. ಮೊದಲು ನೀವೊಬ್ಬರೇ ಬಂದು ಕಾರಣ ತಿಳಿದುಕೊಳ್ಳಿ.

ನಮ್ಮ ತಾಂಡಾದ ಮನಿಗೋಳಿಗಿ ಹಕ್ಕುಪತ್ರ ಸಿಗ್ತದೇನ್ರಿ?

ತಾಂಡಾ ಕಂದಾಯ ಗ್ರಾಮವೆಂದು ಅಧಿಸೂಚನೆಯಾಗಿದ್ದರೆ ಸಿಗುತ್ತದೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿಯವರು ಈ ಭಾಗದ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಕೊಟ್ಟದ್ದು ಇವೇ. ಪತ್ರ ಕೈಗೆ ಬಂದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಸುಮ್ಮನಾಗಬೇಡಿ. ಪಂಚಾಯಿತಿಯಲ್ಲಿ ಇ-ಸ್ವತ್ತು ಆಗಿದೆಯೇ ಕೇಳಿ. ಕಂದಾಯ ಗ್ರಾಮದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಒಬ್ಬೊಬ್ಬರೇ ಅರ್ಜಿ ಹಾಕಿ ಫಲವಿಲ್ಲ, ತಾಂಡಾದವರೆಲ್ಲ ಸೇರಿ ತಹಸೀಲ್ದಾರರಿಗೆ ಕೊಡಿ.

ಕನ್ನಡ ಓದಲಾಕ ಬರಲ್ಲ. ಕಚೇರ್ಯಾಗ ಮರ್ಯಾದಿ ಕೊಡ್ತಾರೇನ್ರಿ?

ಅರ್ಜಿ ಕನ್ನಡದಲ್ಲಿದ್ದರೆ ಒಳ್ಳೆಯದು, ಮಾತು ಯಾವುದಾದರೂ ನಡೆಯುತ್ತದೆ. ಔರಾದದ ಕೌಂಟರಿನಲ್ಲಿ ಮರಾಠಿ, ಗುರುಮಠಕಲ್‌ನಲ್ಲಿ ತೆಲುಗು, ಕಲಬುರಗಿಯಲ್ಲಿ ದಖ್ಖನಿ ದಿನವೂ ಕೇಳುತ್ತದೆ. ದಕ್ಷಿಣದಿಂದ ಹೊಸದಾಗಿ ಬಂದ ಅಧಿಕಾರಿಗಳೇ ಮೊದಲ ತಿಂಗಳು ಕಕ್ಕಾಬಿಕ್ಕಿ. "ಸಾಹೇಬ್ರ, ನಮ್ ಕಾಗಜ್ ಎಲ್ಲಿ ಅದ" ಎಂದರೆ ಅವರು ಪಕ್ಕದವರ ಮುಖ ನೋಡುತ್ತಾರೆ. ಮರ್ಯಾದೆ ಸಿಗುವುದು ಭಾಷೆಯ ಮೇಲಲ್ಲ, ಟೇಬಲಿನ ಹಿಂದೆ ಯಾರು ಕೂತಿದ್ದಾರೆ ಎಂಬುದರ ಮೇಲೆ.

ಟೈಮ್ ದಾಟಿದ್ರ ಏನ್ ಮಾಡಬೇಕ್ರಿ?

ಸಕಾಲ 2012ರ ಏಪ್ರಿಲ್ 2ರಿಂದ ನಡೆಯುತ್ತಿದೆ. ಸ್ವೀಕೃತಿಯ ಮೇಲೆಯೇ ಕೊನೆಯ ತಾರೀಖು ಇರುತ್ತದೆ. ದಾಟಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ. ಜಾತಿ-ಆದಾಯದಂಥ ತಹಸೀಲ್ದಾರರ ಕೆಲಸವಾದರೆ ಎಸಿಗೆ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದವರ ಸಂಬಳದಿಂದ. ಐನೂರು ರೂಪಾಯಿಗೆ ಯಾರೂ ಬಡವರಾಗುವುದಿಲ್ಲ ನಿಜ. ಆದರೆ ತಮ್ಮ ಹೆಸರು ಎಸಿ ಮುಂದೆ ಹೋಗುವುದನ್ನು ಯಾವ ಗುಮಾಸ್ತನೂ ಇಷ್ಟಪಡುವುದಿಲ್ಲ, ಒಳಗಿದ್ದವನಾಗಿ ಹೇಳುತ್ತೇನೆ. ಜಿಎಸ್‌ಸಿ ನಂಬರು ಇಲ್ಲದಿದ್ದರೆ ಇದ್ಯಾವುದೂ ಇಲ್ಲ. ಬೇರೆ ದೂರಿಗೆ 1902ಕ್ಕೆ ಫೋನ್ ಮಾಡಿ ನೋಂದಾಯಿಸಬಹುದು.

ಮಾಹಿತಿ ಹಕ್ಕಿನಾಗ ಕೇಳಲೇನ್ರಿ?

ಕೇಳಿ, ಆದರೆ ಅದನ್ನು ಮೊದಲ ಕೋಲಾಗಿ ಬಳಸಬೇಡಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ನನ್ನ ಅರ್ಜಿ ಯಾಕೆ ತಡವಾಯಿತು" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. "ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಕೇಳಿ. ಯಾರ ಟೇಬಲಿನಲ್ಲಿ ಎಷ್ಟು ದಿನ ಮಲಗಿತ್ತೆಂದು ಆ ಹಾಳೆಗಳೇ ಹೇಳುತ್ತವೆ. ಎರಡನೇ ಮೇಲ್ಮನವಿಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ, ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ಹೈಕೋರ್ಟಿನ ಪೀಠವೂ 2008ರಿಂದ ಇದೆ, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಬೀದರದವರು ಒಂದು ವಾಯಿದೆಗೆ ಸುಮಾರು 700 ಕಿಲೋಮೀಟರು ಹೋಗಿ, ಇನ್ನೊಂದು ವಾಯಿದೆ ತೆಗೆದುಕೊಂಡು ಬರುತ್ತಿದ್ದರು.

ರೊಕ್ಕ ಕೇಳ್ತಾರ. ಕೊಟ್ಟು ಮುಗಿಸಲೇನ್ರಿ?

ಮೂವತ್ತು ವರ್ಷ ಒಳಗಿದ್ದವನು "ಯಾರೂ ತಗೊಳ್ಳಲ್ಲ" ಎಂದರೆ ನೀವು ನಗುತ್ತೀರಿ. ತೆಗೆದುಕೊಳ್ಳುತ್ತಾರೆ. ಎಲ್ಲರೂ ಅಲ್ಲ, ಆದರೆ ಆ ಕೆಲವರ ಹೆಸರಿನಲ್ಲಿ ಹೊರಗಿನ ದಲಾಲರು ವಸೂಲು ಮಾಡುವುದು ಅದಕ್ಕಿಂತ ಹೆಚ್ಚು. "ಸಾಹೇಬ್ರಿಗಿ ಕೊಡಬೇಕು" ಎಂದು ನಿಮ್ಮಿಂದ ಎರಡು ಸಾವಿರ ಇಸಕೊಂಡವನು ಸಾಹೇಬರ ಮುಖ ನೋಡಿರುವುದೇ ಇಲ್ಲ. ಕೆಲಸ ತಾನಾಗಿಯೇ ಆಗಿರುತ್ತದೆ.

ಒಂದು ವಿಷಯ ತಿಳಿದಿರಲಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ತಿಳಿಸಿದರೆ ರಕ್ಷಣೆಯಿದೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋದರೆ ಇನ್ನೂ ಒಳ್ಳೆಯದು. ಜನ ಹೆದರುವುದು ಅದಕ್ಕಲ್ಲ, ನಾಳೆ ಅದೇ ಕಚೇರಿಗೆ ಮತ್ತೆ ಬರಬೇಕಲ್ಲ ಎಂಬುದಕ್ಕೆ. ಆ ಹೆದರಿಕೆ ಸುಳ್ಳಲ್ಲ, ನಾನು ಅದನ್ನು ಸಣ್ಣದು ಮಾಡುವುದಿಲ್ಲ.

ಹೊಸ ತಾಲ್ಲೂಕು ಆದ ಮ್ಯಾಲ ನಾವು ಎಲ್ಲಿಗಿ ಹೋಗಬೇಕು?

ಹೊಸ ತಾಲ್ಲೂಕುಗಳು ಇವು: ಕಲಬುರಗಿ ಜಿಲ್ಲೆಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ. ಯಾದಗಿರಿಯಲ್ಲಿ ವಡಗೇರಾ, ಹುಣಸಗಿ, ಗುರುಮಠಕಲ್. ಬೀದರದಲ್ಲಿ ಹುಲಸೂರ, ಚಿಟಗುಪ್ಪ, ಕಮಲನಗರ. ತಹಸೀಲ್ದಾರರ ಕೆಲಸಕ್ಕೆ ಹೊಸ ಊರು. ಆದರೆ ಹಳೇ ದಾಖಲೆ, ಉಪನೋಂದಣಿಯಂಥ ಕೆಲವು ಕೆಲಸಕ್ಕೆ ಹಳೇ ತಾಲ್ಲೂಕಿಗೇ ಹೋಗಬೇಕಾಗಬಹುದು. ಬಸ್ಸು ಹತ್ತುವ ಮೊದಲು ಒಂದು ಫೋನ್ ಮಾಡಿ.

ಹುಟ್ಟಿದ್ದು, ಸತ್ತಿದ್ದು ಎಷ್ಟ್ ದಿನದಾಗ ಬರೆಸಬೇಕು?

21 ದಿನ. ಒಂದು ವರ್ಷ ದಾಟಿದರೆ ಮೇಲಿನವರ ಆದೇಶ ಬೇಕಾಗುತ್ತದೆ, ತಿರುಗಾಟ ಶುರು. ಹೆಸರಿಡುವ ಶಾಸ್ತ್ರಕ್ಕೆ ಕಾಯಬೇಡಿ. ಜನನವನ್ನು ಮೊದಲು ಬರೆಸಿ, ಹೆಸರನ್ನು ಆಮೇಲೆ ಸೇರಿಸಬಹುದು.

ನೀವೇ ಒಂದ್ ಅರ್ಜಿ ಬರ್ದು ಕೊಡ್ತೀರೇನ್ರಿ? ಎಷ್ಟ್ ತಗೋತೀರಿ?

ಬರೆದು ಕೊಡುತ್ತೇನೆ. ರೊಕ್ಕ ಬೇಡ. ಹಾಳೆ ನೀವೇ ತನ್ನಿ, ನನ್ನ ಪಿಂಚಣಿಯಲ್ಲಿ ಊರಿಗೆಲ್ಲ ಹಾಳೆ ಕೊಳ್ಳಲು ಆಗುವುದಿಲ್ಲ. ಸಂಜೆ ಐದರ ಮೇಲೆ ಬನ್ನಿ, ಬೇಸಿಗೆಯಲ್ಲಿ ಆರರ ಮೇಲೆ. ಬರುವಾಗ ಹಳೇ ಪಹಣಿ, ಸೀಲು ಬಿದ್ದ ಪ್ರತಿ, ನಿಮ್ಮ ಅವ್ವನ ನಿಜವಾದ ಹೆಸರು ಮೂರನ್ನೂ ಮರೆಯದೆ ತನ್ನಿ. ಮೊನ್ನೆ ಒಬ್ಬರು ಎಲ್ಲ ಕಾಗದ ತಂದಿದ್ದರು. ಅವ್ವನ ಹೆಸರು ಕೇಳಿದರೆ "ಅವ್ವ ಅಂತಲೇ ಕರೀತೀವ್ರಿ" ಎಂದು ಊರಿಗೆ ಫೋನ್ ಹಚ್ಚಿದರು.